ಇಪ್ಪತ್ತೈದನೆಯ ಸುತ್ತು

ಸೆಪ್ಟೆಂಬರ್ 9, ಮಂಗಳವಾರ

ಎಂಟು ಕಿಲೋಮೀಟರ್ ಎಂದು ಬರೆದುಕೊಟ್ಟೆ. ಓಡಿದ್ದು ಐದೂವರೆ.

ಮತ್ತೆ ಪಂಪ್ ಹೌಸ್ ಹಿಂದೆ ಕೂತಿದ್ದೆ. ಗುಂಪು ಸೇತುವೆ ಮುಟ್ಟಿ ವಾಪಸ್ ಬರುವವರೆಗೆ ಗೋಡೆಗೆ ಒರಗಿ ಕಾದು, ಬಂದ ಮೇಲೆ ಬಾಲಕ್ಕೆ ಸೇರಿಕೊಂಡೆ. ಅಲ್ಲಿನ ನಾಯಿ ಮೊದಮೊದಲು ಬೊಗಳುತ್ತಿತ್ತು. ಈಗ ನನ್ನನ್ನು ನೋಡಿದರೆ ಸರಿದು ಜಾಗ ಬಿಡುತ್ತದೆ. ಬಾಟಲಿಯ ನೀರು ಮುಖಕ್ಕೆ, ಕುತ್ತಿಗೆಗೆ ಚಿಮುಕಿಸಿಕೊಂಡೆ — ಬೆವರಿನ ಹಾಗೆ ಕಾಣಲಿ ಎಂದು. ಕೋಚ್ ಸರ್ ಪುಸ್ತಕದಿಂದ ತಲೆ ಎತ್ತದೆ "ಗುಡ್" ಎಂದರು. ಬೈದಿದ್ದರೆ ವಾಸಿಯಿತ್ತು.

ಎರಡು ಜಡೆಯ ಫಸ್ಟ್ ಇಯರ್ ಹುಡುಗಿ ಪಕ್ಕದಲ್ಲಿ ಕಾಲು ಚಾಚಿ ಕೂತು ಕೇಳಿದಳು, "ಅಕ್ಕಾ, ನಿಮ್ಮ ಸ್ಕೂಲ್ ರೆಕಾರ್ಡ್ ಇನ್ನೂ ಹಾಗೇ ಇದೆ ಅಲ್ವಾ? ನಮ್ಮ ಪಿಟಿ ಮೇಷ್ಟ್ರು ನಿಮ್ಮ ಹೆಸರು ಹೇಳಿ ಹೇಳಿ ನಮ್ಮ ಪ್ರಾಣ ತಿಂದಿದ್ರು."

ಹೌದು ಎಂದೆ. ಶನಿವಾರ ಇದೇ ಹುಡುಗಿ ನನಗಿಂತ ನಲವತ್ತು ಮೀಟರ್ ಮುಂದೆ ಮುಗಿಸಿದ್ದಳು. ಪಾಪ, ಅವಳಿಗೆ ಅದು ನೆನಪೂ ಇಲ್ಲ.


ಸೆಪ್ಟೆಂಬರ್ 14, ಭಾನುವಾರ, ಮಧ್ಯಾಹ್ನ

ಅಪ್ಪನ ಫೋನು. ಊಟದ ಹೊತ್ತಿಗೆ ಸಲೂನಿನಲ್ಲಿ ಗಿರಾಕಿ ಕಡಿಮೆ, ಆಗಲೇ ಮಾಡುತ್ತಾರೆ.

"ಟೈಮ್ ಎಷ್ಟು ಬಂತು ಪುಟ್ಟಿ? ಐದು ಸಾವಿರದ್ದು?"

"ಹದಿನೆಂಟು ಸೊನ್ನೆ ಐದು, ಅಪ್ಪ."

ಬಂದದ್ದು ಹತ್ತೊಂಬತ್ತು ಇಪ್ಪತ್ತು. ಒಂದೂಕಾಲು ನಿಮಿಷ ಸಲೀಸಾಗಿ ನುಂಗಿದೆ. ಸ್ಕೂಲಿನಲ್ಲಿ ಹದಿನೇಳೂವರೆಯಲ್ಲಿ ಮುಗಿಸಿ, ಆಮೇಲೆ ಐಸ್‌ಕ್ಯಾಂಡಿ ತಿನ್ನುತ್ತಾ ಹುಡುಗರ ಜೊತೆ ಜಗಳ ಆಡುತ್ತಿದ್ದೆ.

ಅಪ್ಪ ಆ ಕಡೆ ಗಿರಾಕಿಗೆ ಹೇಳಿದ್ದು ಕೇಳಿಸಿತು. "ನನ್ ಮಗಳು. ಕಾಲೇಜಲ್ಲಿ. ಅದೇ, ಆ ಫೋಟೋದಲ್ಲಿ ಇರೋಳು." ಕನ್ನಡಿಯ ಅಂಚಿಗೆ ಪೇಪರ್ ಕಟಿಂಗ್ ಒಂಬತ್ತು ಅಂಟಿಸಿದ್ದಾರೆ. ಒಂದರಲ್ಲೂ ನನ್ನ ಬಾಯಿ ಮುಚ್ಚಿಲ್ಲ. ಗಲ್ಲಕ್ಕೆ ನೊರೆ, ಗಂಟಲ ಹತ್ತಿರ ಕತ್ತಿ — ಅಂಥ ಹೊತ್ತಿನಲ್ಲಿ ನನ್ನ ಕಥೆ ಶುರು ಮಾಡುತ್ತಾರೆ. ಯಾರು ತಾನೇ ಸಾಕು ಎನ್ನುತ್ತಾರೆ?

ಕೊನೆಗೆ ಎಂದಿನಂತೆ, "ಮೀಟ್ ಯಾವತ್ತು ಹೇಳು, ಕಡ್ಡಿ ರೆಡಿ ಮಾಡ್ಕೋತೀನಿ."

ಅಪ್ಪನ ಕಡ್ಡಿ ಲೆಕ್ಕ ನನ್ನ ಮೊದಲ ರೇಸಿನಿಂದಲೂ ಇದೆ. ಎಷ್ಟು ಸುತ್ತೋ ಅಷ್ಟು ಬೆಂಕಿಕಡ್ಡಿ ಎಡ ಜೇಬಿನಲ್ಲಿ. ನಾನು ಒಂದು ಸುತ್ತು ಮುಗಿಸಿದರೆ ಒಂದು ಕಡ್ಡಿ ಬಲ ಜೇಬಿಗೆ. ಐದು ಸಾವಿರಕ್ಕೆ ಹನ್ನೆರಡೂವರೆ ಸುತ್ತು. ಆ ಅರ್ಧಕ್ಕೆ ಒಂದು ಕಡ್ಡಿ ಮುರಿದಿಟ್ಟುಕೊಳ್ಳುತ್ತಾರೆ. ಒಮ್ಮೆಯೂ ತಪ್ಪಿಲ್ಲ. ಸ್ಕೂಲಿನಲ್ಲಿದ್ದಾಗ ಪಿಟಿ ಮೇಷ್ಟ್ರೇ ಬೇಲಿಯ ಹತ್ತಿರ ಬಂದು "ಎಷ್ಟಾಯ್ತು ಯಜಮಾನ್ರೇ?" ಎಂದು ಕೇಳಿ ಹೋಗುತ್ತಿದ್ದರು.


ಸೆಪ್ಟೆಂಬರ್ 22

ಸರ್ ರೂಮಿಗೆ ಕರೆಸಿದ್ದರು. ಟೇಬಲ್ ಮೇಲೆ ನನ್ನ ಎರಡು ವರ್ಷದ ಟೈಮುಗಳ ಹಾಳೆ. ಮೇಲಿನಿಂದ ಕೆಳಕ್ಕೆ ಹೋದಷ್ಟೂ ನಿಧಾನ.

"ಏನಾಗಿದೆ ನಿಂಗೆ?"

ಮಂಡಿ ಎಂದೆ. ತೂಕ ಎಂದೆ. ನಿದ್ದೆ, ಮೆಸ್ಸಿನ ಊಟ, ಪರೀಕ್ಷೆ. ಓಟದಲ್ಲಿ ಹೇಗೋ ಏನೋ, ಕಾರಣ ಹುಡುಕುವುದರಲ್ಲಿ ನಾನು ಈಗಲೂ ಚಾಂಪಿಯನ್. ಸರ್ ಎಲ್ಲ ಕೇಳಿ ಕನ್ನಡಕ ಒರೆಸಿದರು.

"ಹತ್ತು ಸಾವಿರಕ್ಕೆ ಹಾಕಿದೀನಿ. ಅಕ್ಟೋಬರ್ ಹನ್ನೊಂದು. ಮೊದಲ ಎಂಟರಲ್ಲಿ ಬಂದ್ರೆ ನಿನ್ನ ಸ್ಪೋರ್ಟ್ಸ್ ಕೋಟಾ ಸೀಟು ಉಳಿಸ್ತೀನಿ. ಇಲ್ದಿದ್ರೆ ನನ್ನ ಕೈಲಿಲ್ಲಮ್ಮ." ಮೊದಲ ಮೂವರು ಡಿಸೆಂಬರಿನ ದೊಡ್ಡ ಮೀಟಿಗೆ. ಅದು ನನಗೆ ಸಂಬಂಧವಿಲ್ಲದ ವಿಷಯ ಎಂದು ಇಬ್ಬರಿಗೂ ಗೊತ್ತಿತ್ತು.

ರೂಂಮೇಟ್ ಭರ್ಜಿಗೆ ಹೇಳಿದೆ. ಜಾವೆಲಿನ್ ಎಸೆಯುತ್ತಾಳೆ, ಅದಕ್ಕೇ ಆ ಹೆಸರು. "ಇಲ್ಲಿ ಎಲ್ರೂ ಅವರವರ ಸ್ಕೂಲಲ್ಲಿ ಹುಲಿನೇ ಕಣೆ. ಅತ್ತು ಕರೆದು ಏನು ಪ್ರಯೋಜನ, ಮಲ್ಕೋ" ಎಂದಳು.

ಸ್ಕೂಲಿನಲ್ಲಿ ನಾನು ಕಷ್ಟಪಟ್ಟು ಗೆದ್ದವಳಲ್ಲ. ಓಡಿದರೆ ಗೆಲ್ಲುತ್ತಿದ್ದೆ, ಅಷ್ಟೆ. ಕಷ್ಟಪಡುವುದು ಹೇಗೆಂದು ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳಲು ನಾಚಿಕೆ.


ಅಕ್ಟೋಬರ್ 10

ಅಪ್ಪ ನಾಳೆ ಬರುತ್ತಾರೆ. ಬರಬೇಡಿ ಎಂದೆ, ದೂರ, ಬಿಸಿಲು ಎಂದೆ. "ಸಲೂನ್ ನಿಮ್ಮ ಮಾವ ನೋಡ್ಕೋತಾನೆ ಬಿಡು" ಎಂದರು. ಮಾವ ಅಮ್ಮನ ತಮ್ಮ, ಎರಡನೇ ಕುರ್ಚಿ ಅವರದು.

ಇಪ್ಪತ್ತೈದು ಕಡ್ಡಿಗೆ ಜೇಬು ಸಾಲುತ್ತೋ ಇಲ್ಲವೋ ಎಂದು ನಗುತ್ತಿದ್ದರು. ಮೊದಲ ಸಲ ನನ್ನ ಹತ್ತು ಸಾವಿರ ನೋಡುವುದು.


ಅಕ್ಟೋಬರ್ 11, ಶನಿವಾರ

ಮೂರನೇ ಸ್ಥಾನ. 38:37.


ಅಕ್ಟೋಬರ್ 16

ಐದು ದಿನ ಪೆನ್ನು ಮುಟ್ಟಲಿಲ್ಲ. ಯಾರೂ ಓದದ ಪುಸ್ತಕದಲ್ಲಿ ಬರೆಯುವುದಕ್ಕೂ ನಾಚಿಕೆ. ಬರೆದೇ ಬಿಡುತ್ತೇನೆ.

ಹನ್ನೊಂದನೇ ಸುತ್ತಿನವರೆಗೆ ಮುಂದಿನ ಗುಂಪಿನಲ್ಲಿದ್ದೆ. ಆಮೇಲೆ ಎಂದಿನ ಕಥೆ. ಹಳದಿ ಶೂ ಹಾಕಿದವಳೊಬ್ಬಳು ಹದಿಮೂರನೇ ಸುತ್ತಿನಲ್ಲಿ ದಾಟಿಹೋದಳು. ಅವಳ ಹಿಂದೆ ಇನ್ನೂ ಐದಾರು ಜನ. ಇಪ್ಪತ್ತೆರಡರಲ್ಲಿ ಮೊದಲ ಇಬ್ಬರು ಹಿಂದಿನಿಂದ ಬಂದು, ಇಡೀ ಒಂದು ಸುತ್ತು ನನಗಿಂತ ಹೆಚ್ಚು ಓಡಿ, ಮತ್ತೆ ದಾಟಿದರು. ನಾವು ಮೂವರೂ ಹೆಚ್ಚು ಕಡಿಮೆ ಒಟ್ಟಿಗೇ ಗೆರೆ ದಾಟಿದೆವು. ಸುತ್ತು ಎಣಿಸುವ ಟೇಬಲ್ಲಿನಲ್ಲಿ ಆಗಲೇ, ನಾನೂ ಅವರ ಸಮಕ್ಕಿದ್ದೇನೆ ಎಂದುಕೊಂಡು, ನನ್ನ ನಂಬರಿನ ಮುಂದೆ ಒಂದು ಗೀಟು ಹೆಚ್ಚು ಬಿದ್ದಿರಬೇಕು.

ಇಪ್ಪತ್ತಮೂರು ಮುಗಿಸಿದೆ. ನನ್ನ ನಂಬರ್ ಕೂಗಿ ಗಂಟೆ ಹೊಡೆದರು. "ಲಾಸ್ಟ್ ಲ್ಯಾಪ್!"

ತಿರುವಿನಲ್ಲಿ ಅಪ್ಪ ಬೇಲಿಗೆ ಎದೆ ಹಚ್ಚಿ ನಿಂತಿದ್ದರು. ಎರಡು ಬೆರಳು ಎತ್ತಿದ್ದರು. "ಇನ್ನೂ ಎರಡು ಪುಟ್ಟಿ! ಎರಡು!"

ಕೇಳಿಸಿತು. ಚೆನ್ನಾಗಿ ಕೇಳಿಸಿತು. ನನಗೂ ಗೊತ್ತಿತ್ತು.

ಹಳದಿ ಶೂ ನನ್ನ ಬೆನ್ನ ಹಿಂದೆ ಬಂದಿದ್ದಳು. ಅವಳಿಗೆ ಅದು ನಿಜವಾದ ಕೊನೆಯ ಸುತ್ತು. "ಟ್ರ್ಯಾಕ್!" ಎಂದು ಕೂಗಿದಳು. ಹಾಗೆ ಕೂಗಿದರೆ ಒಂದು ಸುತ್ತು ಹಿಂದಿರುವವರು ಪಕ್ಕಕ್ಕೆ ಸರಿಯಬೇಕು. ಸರಿಯಲಿಲ್ಲ. ಓಡಿದೆ. ಎರಡು ವರ್ಷದಿಂದ ಎಲ್ಲಿ ಹೋಗಿತ್ತೋ ಆ ಕಾಲು, ಅವತ್ತು ಬಂತು. ಎಂಬತ್ತನಾಲ್ಕು ಸೆಕೆಂಡು. ಕಾಲೇಜಿಗೆ ಬಂದ ಮೇಲೆ ನನ್ನ ಅತಿ ವೇಗದ ಸುತ್ತು ಅದು, ಓಡಿದ್ದು ಕದಿಯುವುದಕ್ಕೆ.

ಗೆರೆ ದಾಟಿದೆ. ಕೈಗೆ 3 ಎಂಬ ಚೀಟಿ ಇಟ್ಟರು. ಇನ್ನೊಂದು ಸುತ್ತು ಇದೆ ಎಂದು ಹೇಳಲು ಬಾಯಿ ತೆರೆದೆ. ಉಸಿರು ಎಳೆದುಕೊಂಡು ಮುಚ್ಚಿದೆ. ಹಿಂದೆಯೇ ಅವಳಿಗೆ 4.

ಕೋಚ್ ಸರ್ ಭರ್ಜಿಯ ಎಸೆತ ನೋಡಲು ಆ ಕಡೆ ಹೋಗಿದ್ದವರು ಓಡಿ ಬಂದರು. ಅಪ್ಪನೂ ಬಂದರು. ಅಪ್ಪನ ಅಂಗೈಯಲ್ಲಿ ಒಂದು ಕಡ್ಡಿ.

"ಇನ್ನೊಂದು ಇತ್ತಲ್ಲ ಪುಟ್ಟಿ?"

ಸರ್ ನನ್ನ ಮುಖ ನೋಡಿದರು. ಅರ್ಧ ಕ್ಷಣ ಸಾಕಾಯಿತು.

"ಇಲ್ಲಪ್ಪ. ನೀವು ತಪ್ಪು ಎಣಿಸಿದ್ರಿ."

ಸರ್ ಜೋರಾಗಿ ನಕ್ಕು ಅಪ್ಪನ ಬೆನ್ನು ತಟ್ಟಿದರು. "ಯಜಮಾನ್ರೇ, ಈ ಬಿಸಿಲಲ್ಲಿ ಇಪ್ಪತ್ತೈದು ಎಣ್ಸೋದು ನಮ್ಮಿಂದಾನೇ ಆಗಲ್ಲ!" ಅಪ್ಪನೂ ನಕ್ಕರು. ಕಡ್ಡಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಎಡ ಜೇಬು, ಬಲ ಜೇಬು ಎರಡನ್ನೂ ಹೊರಗೆ ಎಳೆದು ನೋಡಿಕೊಂಡರು, ಅಲ್ಲೇ, ಎಲ್ಲರ ಎದುರು.


ಅಕ್ಟೋಬರ್ 17

ಒಂದು ಬಿಟ್ಟುಹೋಯಿತು. ಮೆಡಲ್ ಕೊಡುವ ಮುಂಚೆ ನೀರಿನ ಡ್ರಮ್ಮಿನ ಹತ್ತಿರ ಹಳದಿ ಶೂ ಬಂದಿದ್ದಳು. "ಸಾರಿ ಕಣೆ, ಹಿಂದಿಂದ ಹಾಗೆ ಕೂಗಿಬಿಟ್ಟೆ. ನಿನ್ನ ಆಗಲೇ ದಾಟಿದೀನಿ ಅನ್ಕೊಂಡಿದ್ದೆ. ತಲೆ ಸುತ್ತಿ ಏನೇನೋ ಅನ್ಸುತ್ತೆ ನೋಡು."

"ಪರವಾಗಿಲ್ಲ" ಎಂದೆ.

ಪರವಾಗಿಲ್ಲವಂತೆ. ನಾನು ಅವಳನ್ನು ಕ್ಷಮಿಸಿದೆ!


ಅಕ್ಟೋಬರ್ 19

ಎಲ್ಲೆಲ್ಲೂ ಅಭಿನಂದನೆ. ಮೆಸ್ಸಿನ ಅಡುಗೆಯವರು ಕರೆದು ಎರಡು ಮೊಟ್ಟೆ ಹೆಚ್ಚು ಹಾಕಿದರು. ಎರಡು ಜಡೆಯವಳು "ಅಕ್ಕಾ, ನೀವು ಫಾರಂಗೆ ಬಂದ್ರಿ, ನಮ್ಮ ಕಥೆ ಮುಗೀತು" ಎಂದಳು. ಸರ್ ಡಿಸೆಂಬರಿಗೆ ಹೊಸ ಪ್ಲಾನ್ ಬರೆದುಕೊಟ್ಟಿದ್ದಾರೆ. ದೊಡ್ಡ ಮೀಟಿನಲ್ಲಿ ಎಲ್ಲರ ಎದುರು ಬಣ್ಣ ಬಯಲಾಗುತ್ತದೆ. ಅದರ ಹೆದರಿಕೆ ಇದೆ, ಆದರೆ ಹೆದರಿಕೆಗೆ ನಿದ್ದೆ ಬರುತ್ತದೆ. ನಾಚಿಕೆಗೆ ಬರುವುದಿಲ್ಲ.

ಮೆಡಲನ್ನು ಸಾಕ್ಸಿನೊಳಗೆ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಭರ್ಜಿ ನೋಡಿದಳು.


ಅಕ್ಟೋಬರ್ 26, ಭಾನುವಾರ

ಅಪ್ಪ ಫೋನ್ ಮಾಡಲಿಲ್ಲ. ನಾನೇ ಮಾಡಿದೆ. ಟೈಮ್ ಕೇಳಲಿಲ್ಲ. "ಹೋದ ವಾರ ಮಾಡಿದ್ನಾ ನಾನು? ಮಾಡಿದ್ದೆ ಅಲ್ವಾ?" ಎಂದು ಎರಡು ಸಲ ಕೇಳಿದರು.

ಮಾಡಿದ್ದರು.


ನವೆಂಬರ್ 2, ಭಾನುವಾರ, ಮನೆಯಲ್ಲಿ

ಎರಡು ದಿನ ರಜೆ, ಬಂದೆ. ನೇರ ಸಲೂನಿಗೇ ಹೋದೆ. ಕನ್ನಡಿಗೆ ಹತ್ತನೇ ಕಟಿಂಗ್ ಅಂಟಿಸಿದ್ದಾರೆ. ಉಳಿದವಕ್ಕಿಂತ ಮೇಲೆ.

ಗಿರಾಕಿಯೊಬ್ಬರು ಬಂದು ಅಪ್ಪನ ಕುರ್ಚಿಯಲ್ಲಿ ಕೂತು ಶೇವಿಂಗ್ ಎಂದರು. ಅಪ್ಪ ಮಾವನ ಕಡೆ ಕೈ ತೋರಿಸಿದರು. "ಅಲ್ಲಿ ಕೂತ್ಕೊಳ್ಳಿ ಸರ್. ನಾನು ಬರೀ ಕಟಿಂಗ್ ಮಾಡ್ತಿರೋದು ಈಗ." ಇಪ್ಪತ್ತೆಂಟು ವರ್ಷ ಕ್ಷೌರದ ಕತ್ತಿ ಹಿಡಿದ ಕೈ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. "ನಿನ್ನ ರೇಸಿಂದ ಬಂದಾಗಿಂದ ಹಿಂಗೇ ಕಣೆ. ಅಂಗಡಿ ಬೀಗ ಹಾಕಿ ಅರ್ಧ ದಾರಿ ಬಂದು ವಾಪಸ್ ಹೋಗಿ ನೋಡ್ತಾರೆ. ಕಣ್ಣು ಟೆಸ್ಟ್ ಮಾಡಿಸ್ಕೊಂಡ್ರು, ಕಣ್ಣು ಚೆನ್ನಾಗೇ ಇದೆಯಂತೆ. ಅದಕ್ಕೆ ಇನ್ನೂ ಹೆದರಿಕೊಂಡಿದಾರೆ."

ಅಪ್ಪನನ್ನೇ ಕೇಳಿದೆ. ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದರು.

"ಕೈ ಏನೂ ನಡುಗಲ್ಲ. ತಲೆ ಮೇಲೇ ನಂಬಿಕೆ ಇಲ್ಲ. ಇಪ್ಪತ್ತೈದು ಕಡ್ಡಿ ಎಣ್ಸೋಕಾಗ್ಲಿಲ್ಲ ಪುಟ್ಟಿ ನಂಗೆ. ಅದೂ ನೀನು ಓಡ್ತಿರೋವಾಗ. ಅಜ್ಜಂಗೂ ಹಿಂಗೇ ಶುರುವಾಗಿದ್ದು."

ಅಜ್ಜನದೂ ಇದೇ ಸಲೂನು. ಒಂದು ದಿನ ಗಿರಾಕಿಯ ಒಂದು ಕೆನ್ನೆಗೆ ನೊರೆ ಹಚ್ಚಿ ಟೀ ಕುಡಿಯಲು ಹೋದವರು, ವಾಪಸ್ ಬಂದು "ಯಾರಿದು, ಇಲ್ಲಿ ಕೂತಿರೋದು?" ಎಂದು ಕೇಳಿದ್ದರು. ಮನೆಯಲ್ಲಿ ಅದನ್ನು ಹೇಳಿಕೊಂಡು ನಗುತ್ತಿದ್ದೆವು. ಆಮೇಲೆ ಅಜ್ಜ ಅಪ್ಪನನ್ನೂ ಯಾರಿದು ಎಂದು ಕೇಳತೊಡಗಿದರು. ನಗುವುದು ನಿಂತಿತು.

"ಕತ್ತಿ ಹಿಡ್ಕೊಂಡಿರೋವಾಗ ಹಂಗಾಗಿಬಿಟ್ರೆ? ಇನ್ನೊಬ್ಬರ ಕುತ್ತಿಗೆ ಅದು" ಎಂದರು ಅಪ್ಪ.

ಹೇಳಬೇಕಿತ್ತು. ಅಪ್ಪ ನನ್ನ ಪಕ್ಕದಲ್ಲೇ ಇದ್ದರು, ಬೇರೆ ಯಾರೂ ಇರಲಿಲ್ಲ. ಹೇಳಿದ್ದೇನು? "ವಯಸ್ಸಾದ್ಮೇಲೆ ಎಲ್ರಿಗೂ ಸ್ವಲ್ಪ ಮರೆವು ಬರತ್ತೆ ಅಪ್ಪ."

ಇದನ್ನು ನಾನು ಹೇಳಿದೆ. ನನ್ನದೇ ಬಾಯಿಂದ. ಅಪ್ಪ ತಲೆಯಾಡಿಸಿದರು.


ನವೆಂಬರ್ 5

ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳೇ ಟ್ರ್ಯಾಕಿಗೆ ಇಳಿದೆ. ಇಪ್ಪತ್ತೈದು ಸುತ್ತು. ಪೂರ್ತಿ. 40:22.

ಇದು ನನ್ನದು. ಸ್ಕೂಲಿನಲ್ಲಿ ನಾನಾಗಿದ್ದ ಹುಡುಗಿ ನೋಡಿದ್ದರೆ ನಕ್ಕಿರುತ್ತಿದ್ದಳು. ನಗಲಿ.


ನವೆಂಬರ್ 8, ಶನಿವಾರ

ಅಮ್ಮ ಬೆಳಗ್ಗೆಯೇ ಫೋನ್ ಮಾಡಿದಳು. ಅಪ್ಪ ಮೊದಲನೇ ಕುರ್ಚಿ ಮಾವನಿಗೆ ಬಿಟ್ಟುಕೊಡುತ್ತಾರಂತೆ. ಸೋಮವಾರ ತಲೆಯ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್. "ನಿಂಗೆ ಹೇಳ್ಬೇಡ ಅಂದಿದಾರೆ. ಡಿಸೆಂಬರಲ್ಲಿ ದೊಡ್ಡ ರೇಸಿದೆ, ಮಗೂ ಮನಸ್ಸು ಕೆಡಿಸ್ಬೇಡ ಅಂತ."

ಮಗು.

ನಾಳೆ ಮೊದಲ ಬಸ್ಸು. ಭರ್ಜಿಗೆ ಮಾತ್ರ ಎಲ್ಲ ಹೇಳಿದೆ. ಅವಳು "ಥೂ ನಿನ್ನ" ಎಂದಳು. ಆಮೇಲೆ ಎದ್ದು ನನ್ನ ಬ್ಯಾಗಿಗೆ ಬಾಳೆಹಣ್ಣು ಹಾಕಿದಳು.


ನವೆಂಬರ್ 9, ಭಾನುವಾರ, ಬೆಳಗ್ಗೆ 10.20, ಸಲೂನಿನ ಬೆಂಚಿನ ಮೇಲೆ

ಹೇಳಿದೆ.

ಅಪ್ಪ ಪೋಸ್ಟ್‌ಮ್ಯಾನ್‌ಗೆ ಕಟಿಂಗ್ ಮಾಡುತ್ತಿದ್ದರು. ಮಾವ ಬ್ರಷ್ ತೊಳೆಯುತ್ತಿದ್ದರು. ಒಳಗೆ ಕರೆದು ಹೇಳೋಣ ಎಂದುಕೊಂಡು ಬಂದಿದ್ದೆ. ಹಾಗೆ ಮಾಡಿದರೆ ಮತ್ತೆ ಬೇರೇನೋ ಹೇಳಿಬಿಡುತ್ತೇನೆ ಎಂದು ಗೊತ್ತಾಯಿತು. ಬಾಗಿಲಲ್ಲೇ ನಿಂತು, ಬ್ಯಾಗೂ ಇಳಿಸದೆ ಹೇಳಿದೆ. "ಅಪ್ಪ, ನಿಮ್ಮ ಲೆಕ್ಕ ಸರಿ ಇತ್ತು. ಇಪ್ಪತ್ನಾಲ್ಕೇ ಓಡಿದ್ದು ನಾನು. ಒಂದು ಉಳಿದಿತ್ತು. ನಂಗೆ ಗೊತ್ತಿತ್ತು."

ಕತ್ತರಿ ನಿಂತಿತು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಸರಿ ಇತ್ತಾ?"

"ಸರಿ ಇತ್ತು."

"ಕಡ್ಡಿ ಉಳಿದಿದ್ದು ನಿಜಾನಾ?"

"ನಿಜ."

ಅಪ್ಪನ ಮುಖ ಅರಳಿದ್ದು ನೋಡಬೇಕಿತ್ತು. ಮಾವನ ಕಡೆ ತಿರುಗಿ "ಕೇಳಿದ್ಯೇನೋ? ನಂದೇ ಸರಿ ಇತ್ತಂತೆ! ನಂಗೇನೂ ಆಗಿಲ್ವಂತೆ!" ಎಂದರು. ಪೋಸ್ಟ್‌ಮ್ಯಾನ್ ಏನೂ ಅರ್ಥವಾಗದೆ "ಒಳ್ಳೇದಾಯ್ತು ಬಿಡಿ" ಎಂದರು. ಮಾವ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಅದನ್ನು ಕಂಡು ಅಪ್ಪನೂ ಮತ್ತೆ ನನ್ನ ಕಡೆ ತಿರುಗಿದರು. ಆಗ ಉಳಿದದ್ದು ಅರ್ಥವಾಯಿತು. ನಗು ಒಮ್ಮೆಗೇ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು. ತುಟಿಯಲ್ಲಿ ಇನ್ನೂ ಸ್ವಲ್ಪ ಇತ್ತು, ತೆಗೆಯಲು ಮರೆತವರ ಹಾಗೆ.

"ಕೂತ್ಕೋ" ಎಂದರು.

ಕೂತೆ. ಪೋಸ್ಟ್‌ಮ್ಯಾನ್ ಕಟಿಂಗ್ ಮುಗಿಯಿತು. ಗಡ್ಡವೂ ಆಗಲಿ ಎಂದರು ಅವರು. ಅಪ್ಪ ಡ್ರಾಯರ್ ಎಳೆದು ತಮ್ಮ ಕತ್ತಿ ತೆಗೆದು, ಹೊಸ ಬ್ಲೇಡ್ ಹಾಕಿ, ನೊರೆ ಹಚ್ಚಿ, ಎಡಗೈಯಲ್ಲಿ ಚರ್ಮ ಎಳೆದು ಹಿಡಿದು ಕಿವಿಯಿಂದ ಗದ್ದದವರೆಗೆ ಒಂದೇ ಸಲ ಎಳೆದರು. ಮೊದಲಿನ ಹಾಗೆಯೇ. ನನ್ನ ಕಥೆ ಮಾತ್ರ ಹೇಳಲಿಲ್ಲ. ಆ ಕುರ್ಚಿಯಲ್ಲಿ ಯಾರೇ ಕೂತರೂ ನನ್ನ ಕಥೆ ಕೇಳದೆ ಎದ್ದುಹೋದದ್ದು ನಾನು ನೋಡಿರಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಪೋಸ್ಟ್‌ಮ್ಯಾನ್ ಹೋದ ಮೇಲೆ ಬಟ್ಟೆ ಕೊಡವುತ್ತಾ ಕೇಳಿದರು.

"ನಾಲ್ಕನೇದಾಗಿ ಬಂದ ಹುಡುಗಿ. ಅವಳ ಜೊತೆ ಯಾರಾದ್ರೂ ಬಂದಿದ್ರಾ?"

"ಗೊತ್ತಿಲ್ಲ ಅಪ್ಪ."

"ಬಂದಿದ್ರೆ, ಅವರೂ ಎಣಿಸಿರ್ತಾರೆ."

ಅಷ್ಟೇ ಹೇಳಿ ಬಟ್ಟೆ ಮಡಿಸಿದರು. ನಾನು ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ಮಾವ ಎದ್ದು ಹೊರಗೆ ಹೋದರು.

ಸರ್‌ಗೆ ನಾಳೆ ಹೇಳುತ್ತೇನೆ. ಪತ್ರ ಬರೆದುಕೊಡುತ್ತೇನೆ, ಸೀಟು ಹೋಗುತ್ತದೆ, ಹೋಗಲಿ. ಆದರೆ ಇದು ನಾಳೆಗೆ ಬೇಡ. ಮೀಟಿನ ಎಂಟ್ರಿ ಲಿಸ್ಟ್ ನಮ್ಮ ಗ್ರೂಪಿನಲ್ಲಿದೆ, ಎಲ್ಲರ ಮನೆಯ ನಂಬರೂ ಅದರಲ್ಲಿದೆ. ಹಳದಿ ಶೂ ಹುಡುಗಿಯದನ್ನು ಹುಡುಕಿದೆ. ಡಯಲ್ ಮಾಡಿ, ಸ್ಪೀಕರಿಗೆ ಹಾಕಿ, ಬೆಂಚಿನ ಮೇಲಿಟ್ಟಿದ್ದೇನೆ. ಕೈ ಸುಮ್ಮನೆ ಇರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅವಳೇ ಎತ್ತಿದರೆ ಮೊದಲು ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೇನೆ. ನಾಲ್ಕನೇ ರಿಂಗು. ಅಪ್ಪ ಗುಡಿಸುವುದನ್ನು ನಿಲ್ಲಿಸಿದರು.

ಎತ್ತಿದರು. ಅವಳಲ್ಲ. ಗಂಡಸಿನ ದನಿ, ವಯಸ್ಸಾದವರದು. "ಹಲೋ, ಯಾರಮ್ಮ?" ಎನ್ನುತ್ತಿದ್ದಾರೆ. ನಾನು